ಕೌದ್ಯಾಗಿನ ಬಂದೂಕು

ಜಾಲಹಳ್ಳಿ, ದೇವದುರ್ಗ ತಾಲ್ಲೂಕು
ಫೆಬ್ರುವರಿ 1979

ಗದ್ವಾಲದ ಅಳಿಯ ಗಡಿಗೆಪ್ಪನವರಿಗೆ ಶರಣು.

ಹೊಲದಾಗ ಹಂದಿ ಓಡಿಸಾಕ ನಾ ಇಟ್ಕೊಂಡಿರೋ ಬಂದೂಕು ಕೌದ್ಯಾಗ ಸುತ್ತಿ ಬಸ್ಸಿನ್ಯಾಗ ತಗೊಂಡು ಬಾ ಅಂತ ಹೇಳಿ ಮಗಳನ್ನ ತವರಿಗೆ ಅಟ್ಟೀರಿ. ಸಿಕ್ಕಿಬಿದ್ರ ಜೇಲಿಗೆ ಹೋಗಾಕಿ ಅಕಿ, ನೀವಲ್ಲ. ಅಕಿ ರಟ್ಟಿ ಮ್ಯಾಲಿನ ಬಾಸುಂಡಿ ಅವರವ್ವ ನೋಡ್ಯಾಳ.

ರಾಯಚೂರಿಗೆ ಹೋಗಿ ಡಿ.ಸಿ. ಕಚೇರ್ಯಾಗ ಕೇಳಿ ಬಂದೀನಿ. ಬಂದೂಕು ಆಂಧ್ರಕ್ಕ ದಾಟಬೇಕಂದ್ರ ನಿಮ್ಮ ಹೆಸರಿಲೆ ಲೈಸೆನ್ಸ್ ಬೇಕು, ಸಾಗಿಸಾಕ ಬ್ಯಾರೆ ಪರವಾನಗಿ ಬೇಕು. ನೀವು ಕುಡದು ಕೈ ಎತ್ತೋ ಮನಷ್ಯಾ ಏನು ಅಂತ ಪೊಲೀಸರು ನಿಮ್ಮ ಓಣ್ಯಾಗ ವಿಚಾರಿಸ್ತಾರಂತ. ಬೇಕಾದ್ರ ಅರ್ಜಿ ಹಾಕ್ರಿ.

ನೀಲಗಂಗಾ ಇಲ್ಲೇ ಇರ್ತಾಳ. ಒಂದು ಬಂದೂಕು ನಿಮ್ಮ ಕೈಗೆ ಕೊಡಾಕ ಸರಕಾರ ಇಷ್ಟು ವಿಚಾರಿಸಿದ್ರ, ಮಗಳನ್ನ ತಿರುಗಿ ಕಳಿಸಾಕ ನಾ ವಿಚಾರಿಸಬಾರದೇನು?

ನೀಲಗಂಗಾನ ತಂದಿ,
ದೊಡ್ಡಪ್ಪ