ಎಡಗಡೆಯ ಸೀಟು

ಶ್ರೀನಿವಾಸಪುರ
೧೪ ಮಾರ್ಚ್ ೧೯೩೮

ಮಾಲೂರಿನ ಕೋದಂಡರಾಮಪ್ಪನವರಿಗೆ,

ಗಂಡನ ಹೆಸರನ್ನು ಬಾಯಲ್ಲಿ ಆಡಬಾರದೆಂದು ಅಮ್ಮ ಕಲಿಸಿದ್ದಳು. ಬರೆಯಬಾರದೆಂದು ಹೇಳಿರಲಿಲ್ಲ, ಅಂಥ ಸಂದರ್ಭ ಬಂದೀತೆಂದು ಅವಳಿಗೆ ತೋಚಿರಲಾರದು. ಪ್ರತಿ ಪತ್ರದ ತಲೆಯಲ್ಲೂ ನಿಮ್ಮ ಪಾದಗಳಿಗೆ ನಮಸ್ಕಾರ ಬರೆಯುತ್ತಿದ್ದೆ. ಈ ಸಲ ಕೈ ಬರಲಿಲ್ಲ. ಹೆಸರನ್ನೇ ಬರೆದೆ.

ನಿನ್ನೆ ಇಲ್ಲಿ ತವರಿಗೆ ನಿಮ್ಮ ಕಾಗದ ಬಂತು. ಕೋಪ ತಣ್ಣಗಾಗಿದ್ದರೆ ಹೊರಟು ಬಾ, ಮನೆ ಬಿಕೋ ಎನ್ನುತ್ತಿದೆ ಎಂದಿದ್ದೀರಿ. ಕಾರಿನ ಮಡ್‌ಗಾರ್ಡು ನೆಟ್ಟಗಾಯಿತು, ಬಣ್ಣವೊಂದು ಬಾಕಿ ಎಂದಿದ್ದೀರಿ. ನನ್ನ ತಮ್ಮನ ಕಾಲು ಹೇಗಿದೆ ಎಂದು ಮಾತ್ರ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮೂಳೆ ಕೂಡಿಕೊಂಡಿದೆ, ಆದರೆ ಡೊಂಕಾಗಿ. ಆವಲಪ್ಪ ಇನ್ನು ಬದುಕಿರುವವರೆಗೂ ಕುಂಟುತ್ತಾನಂತೆ.

ಆ ಕಾರು ಮನೆಗೆ ಬಂದ ದಿನವೇ ನನಗೆ ನಿಮ್ಮ ಮೇಲೆ ಕೋಪ ಬರಬೇಕಿತ್ತು. ಗೂಡಿನಿಂದ ಇಟ್ಟಿಗೆ ಸಾಗಿಸಲು ಲಾರಿ ನೋಡಿಬರುತ್ತೇನೆಂದು ಹೊರಟವರು ನೀವು. ಚಿನ್ನದ ಗಣಿಯ ಎಂಜಿನಿಯರ್ ದೊರೆಯೊಬ್ಬ ಸೀಮೆಗೆ ವಾಪಸು ಹೊರಟಿದ್ದಾನೆಂದು ದಾರಿಯಲ್ಲಿ ಯಾರೋ ಹೇಳಿದ್ದೇ ಸಾಕಾಯಿತು. ಅವನ ಬಂಗಲೆಗೆ ಓಡಿ, ಅವನು ಓಡಿಸಿ ಹಳೆಯದು ಮಾಡಿದ್ದ ಕೆಂಪು ಕಾರನ್ನು ತಂದಿರಿ. ಇಬ್ಬರೇ ಕೂರುವಂಥದ್ದು, ತಲೆಯ ಮೇಲೆ ಸೂರಿಲ್ಲದ್ದು. ಅತ್ತೆಯವರು ಆರತಿ ತಟ್ಟೆ ಹಿಡಿದುಕೊಂಡೇ ಗಾಬರಿಯಾದರು.

"ಇದೇನೋ, ದೊರೆ ಅರ್ಧ ಕೊಟ್ಟವ್ನೆ? ಮಿಕ್ಕಿದ್ದೆಲ್ಲೋ?"

"ಅಮ್ಮಾ, ಇದು ಮೂಟೆ ಹೊರೋ ಗಾಡಿ ಅಲ್ಲ ಕಣಮ್ಮ. ರೇಸ್ ಕಾರು. ದೊರೆ ಇದ್ರಲ್ಲಿ ಕಪ್ ಗೆದ್ದವ್ನೆ" ಎಂದು ನೀವು ಎದೆಯುಬ್ಬಿಸಿದಿರಿ.

ಬ್ರೇಕು ಒತ್ತಿದರೆ ಎಡಕ್ಕೆ ಎಳೆಯುತ್ತದೆ, ಸರಿಮಾಡಿಸಿಕೋ ಎಂದು ಮಾರಿದವನೇ ಹೇಳಿದ್ದನಂತೆ. ಅದನ್ನೂ ನೀವು ಹೆಮ್ಮೆಯಿಂದಲೇ ನಮಗೆ ಹೇಳಿದಿರಿ. ಆವಲಪ್ಪ ಮೆಕ್ಯಾನಿಕ್ಕನನ್ನು ಕರೆತರಲೇ ಎಂದಾಗ, "ಕೈಯಲ್ಲಿ ಹಿಡಿತ ಇರೋನ್ಗೆ ಅದೆಲ್ಲ ಬೇಕಿಲ್ಲ ಹೋಗ್ಲಾ" ಎಂದಿರಿ.

ಸುಳ್ಳೇಕೆ ಹೇಳಲಿ, ನನಗೂ ಆ ಕಾರು ಇಷ್ಟವಾಗಿತ್ತು. ಒಂದು ಬೆಳಗ್ಗೆ ಎಡಗಡೆಯ ಸೀಟಿನಲ್ಲಿ ನನ್ನನ್ನು ಕೂರಿಸಿಕೊಂಡು ಮುಳಬಾಗಿಲು ರಸ್ತೆಯಲ್ಲಿ ಓಡಿಸಿದಿರಿ. ಸೆರಗು ಹಾರಿಹೋಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಇನ್ನೂ ಜೋರಾಗಿ ಬಿಡಿ ಎಂದು ನಾನೇ ಕೂಗಿದ್ದೆ. ಅಷ್ಟು ಸಂತೋಷವನ್ನು ನಿಮ್ಮ ಜೊತೆ ಮತ್ತೆಂದೂ ಕಂಡಿಲ್ಲ. ಅದಕ್ಕೇ ಈಗ ಹೊಟ್ಟೆಯೆಲ್ಲ ಉರಿಯುತ್ತದೆ.

ಆಮೇಲೆ ಆ ಸೀಟು ನನ್ನ ತಮ್ಮನದಾಯಿತು. ಗೂಡಿನ ಕೆಲಸ ಕಲಿಯಲೆಂದು ನಮ್ಮಲ್ಲಿಗೆ ಬಂದ ಹುಡುಗ, ಭಾನುವಾರವಾದರೆ ನಿಮ್ಮ ಹಿಂದೆ ನೆರಳಿನ ಹಾಗೆ ಅಲೆಯುತ್ತಿದ್ದ. ಕೋಲಾರದ ಬಸ್ಸು ಮಾಲೀಕರ ಮಗ ಕದಿರೇಶ ತನ್ನ ಕಾರು ತರುವುದು, ನರಸಾಪುರದಿಂದ ಕೋಲಾರದವರೆಗೆ ನಿಮಗೂ ಅವನಿಗೂ ಪಂದ್ಯ. ಎದುರಿಗೆ ಏನು ಬರುತ್ತಿದೆ ಎಂದು ಎದ್ದು ನಿಂತು ನೋಡಿ ಹೇಳುವುದು ಆವಲಪ್ಪನ ಕೆಲಸ. ಒಂದು ದಿನವಾದರೂ ಅವನಿಗೆ ಸ್ಟೇರಿಂಗ್ ಮುಟ್ಟಲು ಬಿಟ್ಟಿದ್ದಿರಾ? ಕಾರು ಓಡಿಸಲು ಅವನಿಗೆ ಇವತ್ತಿಗೂ ಬರುವುದಿಲ್ಲ.

ಆ ಭಾನುವಾರ ನಿಮ್ಮಿಬ್ಬರಿಗೂ ರೊಟ್ಟಿ ಕಟ್ಟಿಕೊಟ್ಟವಳು ನಾನು. ಬಾಗಿಲಲ್ಲಿ ನಿಂತು ಕಳಿಸಿದವಳೂ ನಾನೇ. ಬಿಸಿಲೇರುವ ಹೊತ್ತಿಗೆ ನೀವೊಬ್ಬರೇ ಹಿತ್ತಲ ಬಾಗಿಲಿನಿಂದ ಬಂದಿರಿ. ಕಾರು ಕೆಟ್ಟಿದೆ, ಆವಲಪ್ಪ ಕಾಯುತ್ತಿದ್ದಾನೆ ಎಂದಿರಿ. ಸ್ನಾನ ಮಾಡಿ ಊಟಕ್ಕೆ ಕುಳಿತಿರಿ. ಎರಡನೇ ಸಲ ಸಾರು ಬಡಿಸುತ್ತಿದ್ದೆ, ಆಗ ಪೊಲೀಸಿನವನು ಅಂಗಳಕ್ಕೆ ಬಂದ. ನರಸಾಪುರದ ತಿರುವಿನಲ್ಲಿ ಕುರಿಮಂದೆಗೆ ನುಗ್ಗಿ ಕಾರು ಹುಣಸೆಮರಕ್ಕೆ ಹೊಡೆದಿದೆ, ಹುಡುಗನೊಬ್ಬ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ ಎಂದ.

ಆಗ ನೀವು ಆಡಿದ ಮಾತು ನನ್ನ ಕಿವಿಯಲ್ಲೇ ಕೂತಿದೆ. "ಅಯ್ಯಯ್ಯೋ! ನನ್ಗೊಂದು ಮಾತೂ ಹೇಳ್ದೆ ಕಾರು ತಗೊಂಡ್ ಹೋಗವ್ನಲ್ಲಪ್ಪ!"

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನೀವೂ ನನ್ನತ್ತ ತಿರುಗಲಿಲ್ಲ. ಇವಳು ಬಾಯಿ ಬಿಡುವುದಿಲ್ಲವೆಂಬ ಧೈರ್ಯ ನಿಮಗೆ ಅಷ್ಟಿತ್ತು.

ಉಳಿದದ್ದನ್ನು ಆವಲಪ್ಪ ಹೋದ ವಾರ ಬಾಯಿಬಿಟ್ಟ. ಬ್ರೇಕು ಎಡಕ್ಕೆ ಎಳೆಯಿತು, ಎಡಗಡೆ ಕೂತವನ ಕಾಲು ಜಜ್ಜಿಹೋಯಿತು. ಕದಿರೇಶ ಕಾರು ತಿರುಗಿಸಿಕೊಂಡು ಬಂದ. ಅವನ ಪಕ್ಕದ ಸೀಟು ಖಾಲಿಯಿತ್ತು. ನನ್ನ ತಮ್ಮನನ್ನು ಅದರಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ಯಬಹುದಿತ್ತು. ಅದರಲ್ಲಿ ನೀವು ಹತ್ತಿ ಕುಳಿತಿರಿ. ಆಳುಗಳನ್ನು ಕಳಿಸುತ್ತೇನೆಂದು ಹೇಳಿ ಹೋದವರು ಯಾರನ್ನೂ ಕಳಿಸಲಿಲ್ಲ. ಕುರಿ ಸತ್ತ ಸಂಕಟದಲ್ಲಿದ್ದ ಆ ಕುರುಬರೇ ಅವನನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಕೋಲಾರಕ್ಕೆ ಮುಟ್ಟಿಸಿದರು.

ಸಂಜೆ ಆಸ್ಪತ್ರೆಯಲ್ಲಿ ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದಿರಂತೆ: "ನೀನ್ ಒಪ್ಕೊಂಬಿಡಪ್ಪ. ರೋಡಲ್ಲಿ ರೇಸ್ ಬೇಡ ಅಂತ ಅಮಲ್ದಾರ್ರು ಮೊದ್ಲೇ ಎಚ್ಚರಿಸವ್ರೆ. ನನ್ ಹೆಸ್ರು ಬಂದ್ರೆ ಪುರಸಭೆ ಸೀಟು ಹೋಯ್ತದೆ." ಅವನು ಒಪ್ಪಿಕೊಂಡ. ನಾನು ನಿಮ್ಮನ್ನು ಬೈದರೆ ಇವತ್ತಿಗೂ, "ಬಾವನ್ನ ಏನೂ ಅನ್ಬೇಡ್ವೇ ಅಕ್ಕಾ, ಹೆದ್ರಿಬಿಟ್ರು ಅಷ್ಟೇ" ಎನ್ನುತ್ತಾನೆ. ಅವನ ಒಳ್ಳೆಯತನದ ಮೇಲೂ ನನಗೆ ಕೋಪ ಬರುತ್ತದೆ.

ಹೆದರಿದ್ದು ತಪ್ಪೆನ್ನುವುದಿಲ್ಲ. ಹೆದರಿಕೆ ಇಳಿದ ಮೇಲೆ ಇಷ್ಟು ದಿನ ನೀವು ಮಾಡಿದ್ದೇನು? ಊರಲ್ಲೆಲ್ಲ ಅವನು ಹೇಳದೆ ಕಾರು ಕದ್ದೊಯ್ದ ಹುಡುಗ. ಕೋಲಾರದ ಕೋರ್ಟಿನಲ್ಲಿ ಕೇಸು ಅವನ ಮೇಲಿದೆ. ಮುಳಬಾಗಿಲಿನ ಪೆದ್ದಪ್ಪನವರು ಮಗಳನ್ನು ಕೊಡುತ್ತೇವೆಂದು ಎಲೆ ಅಡಿಕೆ ಬದಲಾಯಿಸಿದ್ದವರು, ಕಳ್ಳತನದ ಮಾತು ಕಿವಿಗೆ ಬಿದ್ದದ್ದೇ ಸಂಬಂಧ ಬೇಡವೆಂದು ಕಾಗದ ಬರೆದರು. ಆ ಕಾಗದ ಓದಿದ ದಿನ ಆವಲಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಊಟಕ್ಕೂ ಏಳಲಿಲ್ಲ.

ನೀವು ಬರಬೇಕು. ಪೆದ್ದಪ್ಪನವರ ಮನೆಗೆ ಹೋಗಿ, ಕಾರು ಓಡಿಸಿದವನು ನಾನು ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಕೋರ್ಟಿನಲ್ಲೂ ಅದನ್ನೇ ಹೇಳಬೇಕು. ಅಲ್ಲಿಯವರೆಗೆ ನಾನು ಆ ಮನೆಯ ಹೊಸಿಲು ತುಳಿಯುವುದಿಲ್ಲ. ಕರೆಯಲು ಅತ್ತೆಯವರನ್ನು ಕಳಿಸಬೇಡಿ. ಅವರ ಮುಖ ನೋಡಿದರೆ ನನ್ನ ಗಟ್ಟಿತನ ಕರಗುತ್ತದೆ, ಅದು ನಿಮಗೂ ಗೊತ್ತು.

ಇಂತು,
ಆವಲಪ್ಪನ ಅಕ್ಕ
ಆದಿಲಕ್ಷ್ಮಿ

ಮ.ಮ: ಒಂದು ವಿಷಯ ಮುಚ್ಚಿಟ್ಟು ಬರೆದೆ. ಮೊನ್ನೆ ಅಪ್ಪನನ್ನು ಕರೆದುಕೊಂಡು ಮುಳಬಾಗಿಲಿಗೆ ಹೋಗಿ ಪೆದ್ದಪ್ಪನವರಿಗೆ ಎಲ್ಲವನ್ನೂ ನಾನೇ ಹೇಳಿಬಂದೆ. "ಕಾಲು ಕುಂಟಾದ್ರೆ ಏನಮ್ಮ, ಕಳ್ಳ ಅಂದಿದ್ದಕ್ಕಲ್ವಾ ನಾವು ಬೇಡ ಅಂದಿದ್ದು" ಎಂದು ಅವರು ಕಣ್ಣೊರೆಸಿಕೊಂಡರು. ವೈಶಾಖದಲ್ಲಿ ಮದುವೆ. ಕೋರ್ಟಿನಲ್ಲಿ ಸಾಕ್ಷಿ ನುಡಿಯಲು ವಕೀಲರ ಹತ್ತಿರ ನನ್ನ ಹೆಸರನ್ನೂ ಕೊಟ್ಟಿದ್ದೇನೆ. ಆದ್ದರಿಂದ ಇನ್ನು ಯಾರನ್ನೂ ಉಳಿಸುವುದಕ್ಕೆ ನೀವು ಬರಬೇಕಾಗಿಲ್ಲ. ಆದರೂ ಬರುತ್ತೀರಾ ಎಂಬುದೊಂದೇ ನನಗೆ ಗೊತ್ತಾಗಬೇಕಾಗಿದೆ.