ಬಾವಿಯಿಂದ ಬಂದ ಚಾಕು

ಯಲಬುರ್ಗಾ,
ತಾ. ೧೬-೩-೧೯೭೮

ನನ್ನ ಯಜಮಾನರಿಗೆ ನಿಮ್ಮ ಕಳಕಮ್ಮನ ಶರಣು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನಿಮ್ಮ ಕೈ ಹೇಗಿದೆ? ಗಾಯ ಮಾಯ್ದ ಜಾಗದಲ್ಲಿ ಇನ್ನೂ ತುರಿಕೆ ಇದೆಯೇ? ಮುಲಾಮು ತಪ್ಪದೆ ಹಚ್ಚಿಕೊಳ್ಳುತ್ತೀರೋ, ಇಲ್ಲ ಡಬ್ಬಿಯನ್ನು ಗೂಡಿನಲ್ಲಿಟ್ಟು ನೋಡುತ್ತಾ ಕೂತಿದ್ದೀರೋ? ಸಿದ್ದಾಪುರ ನಾಲೆ ನೀರಿನ ಊರು, ಸೊಳ್ಳೆ ಭಾಳ. ಪರದೆ ಕಟ್ಟಿಕೊಂಡೇ ಮಲಗಿ. ನಿಮ್ಮ ಅಕ್ಕ ಹುಲಗೆಮ್ಮನವರು ಮೂರು ಹೊತ್ತೂ ಅನ್ನವನ್ನೇ ಬಡಿಸುತ್ತಾರೆ, ಜೋಳದ ರೊಟ್ಟಿ ಕಾಣದೆ ಮಗ ಸೊರಗಿರುತ್ತಾನೆ ಎಂದು ಅತ್ತೆ ದಿನಾ ಒಮ್ಮೆಯಾದರೂ ಅನ್ನುತ್ತಾರೆ. ಎಮ್ಮೆ ಈದಿದೆ, ಹೆಣ್ಣುಗರು. ಗಿಣ್ಣ ಮಾಡಿದಾಗ ನಿಮ್ಮ ನೆನಪಾಯಿತು.

ಅಕ್ಕನವರ ಮಗ, ನಮ್ಮ ಅಳಿಯನ ಕೈಲಿ ನೀವು ಬರೆಸಿದ ಕಾಗದ ಬಂತು. ಎಂಜಿನ್ ರಿಪೇರಿ ಅಂಗಡಿಯನ್ನು ಯುಗಾದಿಯೊಳಗೆ ಮಳಿಗೆಯ ಮಾಲೀಕ ವಿರುಪಣ್ಣನವರಿಗೆ ಬಿಟ್ಟುಕೊಟ್ಟು ನೀನೂ ಇಲ್ಲಿಗೇ ಬಾ, ನಾನು ಅಕ್ಕಿ ಗಿರಣಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ ಎಂದಿದ್ದೀರಿ. ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಪಂಪು ತಿರುಗಿಸುವ ಪಟ್ಟಾಕ್ಕೆ ಸಿಕ್ಕಿ ಹೋದವು, ಇನ್ನು ಎಡಗೈಲಿ ಕೆಲಸ ಮಾಡಿ ಎಡಗೈಲಿ ಸಾಮಾನು ಕೊಟ್ಟರೆ ಯಾರು ಮುಟ್ಟುತ್ತಾರೆ ಎಂದೂ ಕೇಳಿದ್ದೀರಿ. ಓದಿ ನನಗೆ ಸಿಟ್ಟು ಬಂತು. ಅತ್ತೆ ಕಂಡರೆ ಅಳುತ್ತಾರೆಂದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಆದರೆ ಉತ್ತರ ತಡವಾದದ್ದು ಸಿಟ್ಟಿಗಲ್ಲ, ನಡುವೆ ಒಂದು ಕೆಲಸ ಹತ್ತಿಕೊಂಡಿತು.

ಇಟಗಿಯ ಓಬಳೆಪ್ಪ ಬಂದಿದ್ದ. ನಿಮಗೆ ಪೆಟ್ಟಾದದ್ದು ಅವನ ಬಾವಿಯ ಮೇಲೆ ಅಂತ ಪಾಪ, ಇಷ್ಟು ದಿನ ನಮ್ಮ ಓಣಿಗೆ ಬರಲೂ ಹಿಂಜರಿದಿದ್ದ. ಬಾವಿಯ ಹೂಳು ತೆಗೆಸುವಾಗ ಬುಟ್ಟಿಯ ಕೆಸರಲ್ಲಿ ಸಿಕ್ಕಿತೆಂದು ಟವೆಲಿನ ಗಂಟು ಬಿಚ್ಚಿ ತೋರಿಸಿದ. ಪೆಟ್ಟಾದ ದಿನ ಬಾವಿಗೆ ಬಿದ್ದಿದ್ದ ನಿಮ್ಮ ಚಾಕು. ಮದುವೆಯಾದ ಹೊಸತರಲ್ಲಿ ನನಗೆ ಸೀರೆ ತರುತ್ತೇನೆಂದು ಗಂಗಾವತಿಗೆ ಹೋಗಿ, ಹಳೇ ಸಾಮಾನಿನವನ ಹತ್ತಿರ ಕೊಂಡು ತಂದಿದ್ದಿರಲ್ಲ, ಅದೇ. ದೊಡ್ಡ ಅಲಗು, ಸಣ್ಣ ಅಲಗು, ಸ್ಕ್ರೂಡ್ರೈವರ್, ದಬ್ಬಳ, ಮತ್ತೆ ಆ ಸುರುಳಿ ಸುತ್ತಿದ ಮುಳ್ಳು. ಅದು ಸೀಸೆಯ ಬಿರಡೆ ಕೀಳುವುದಂತೆ. ನೀವು ಪಂಪಿನೊಳಗೆ ನೀರು ಸೋರದಂತೆ ತುರುಕಿದ ಹಳೇ ನಾರು ಎಳೆದು ತೆಗೆಯಲು ಅದನ್ನು ಹಚ್ಚಿದಿರಿ. ಮಲಗುವಾಗಲೂ ದಿಂಬಿನ ಕೆಳಗೆ ಅದು ಇರಬೇಕಿತ್ತು, ನಾನು ಸವತಿ ಅನ್ನುತ್ತಿದ್ದೆ. ಈಗ ಆ ಸವತಿ ಇಟ್ಟಂಗಿ ಚೂರಿನ ಹಾಗೆ ತುಕ್ಕು ಹಿಡಿದು, ಒಳಗಿನದೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಕೂತಿತ್ತು. ಮನೆಯಲ್ಲಿ ಇಡಬೇಡ, ಗುಜರಿಯವನಿಗೆ ಹಾಕು ಎಂದರು ಅತ್ತೆ.

ನನ್ನ ಹಟ ನಿಮಗೆ ಗೊತ್ತಲ್ಲ. ಚಿಮಣಿ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಕೆಸರು ಬಿಟ್ಟ ಮೇಲೆ ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದೆ. ಸಂದಿಯ ಹೊಲಸು ಬರಲಿಲ್ಲ, ಜೋಳದ ದಂಟಿನ ಸಿಬಿರು ಸೀಳಿಕೊಂಡು ತೂರಿಸಿ ಕೆದಕಿದೆ. ಇಕ್ಕಳಕ್ಕೆ ಅರಿವೆ ಸುತ್ತಿ ಒಂದೊಂದನ್ನೇ ಎಳೆದೆ. ದಬ್ಬಳ ಮೊದಲು ಬಂತು, ದೊಡ್ಡ ಅಲಗು ನನ್ನ ತೋಳು ಸೋತ ಮೇಲೆ ಬಂತು. ಅಷ್ಟಕ್ಕೇ ಗೆದ್ದೆನೆಂದು, ಕೀಲುಗಳಿಗೆ ಅಡುಗೆಯ ಕುಸುಬಿ ಎಣ್ಣೆಯನ್ನು ಧಾರಾಳವಾಗಿ ಬಿಟ್ಟು ಬಿಸಿಲಿಗೆ ಇಟ್ಟೆ. ಹೊಲದ ಕೆಲಸದಲ್ಲಿ ಮರೆತುಬಿಟ್ಟೆ. ಆಮೇಲೆ ನೋಡಿದರೆ ಎಣ್ಣೆ ಒಣಗಿ ಅಂಟಾಗಿ, ಮೊದಲಿಗಿಂತ ಬಿಗಿಯಾಗಿ ಕೂತಿತ್ತು. ಕುಸುಬಿ ಎಣ್ಣೆಯ ಜಿಗಟನ್ನು ಡಬ್ಬಿಯ ಬಾಯಿಂದ ದಿನಾ ಕೆರೆಯುವ ನನಗೇ ಇದು ಹೊಳೆಯಲಿಲ್ಲ ನೋಡಿ. ಪಕ್ಕದ ಮನೆಯ ಮೆಹರುನಬಿ ಬಟ್ಟೆ ಹೊಲಿಯುವುದು ಬಿಟ್ಟು ಬಂದು, ಚಾಕುವಿಗೆ ಒಗ್ಗರಣೆ ಹಾಕಿದ್ದೀಯಲ್ಲೇ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಾದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಕೊಟ್ಟಳು. ಮತ್ತೆ ಚಿಮಣಿ ಎಣ್ಣೆ, ಮತ್ತೆ ತಿಕ್ಕುವುದು, ಕಡೆಗೆ ಅವಳ ಎಣ್ಣೆಯ ಒಂದೊಂದೇ ಹನಿ. ತುಕ್ಕು ತಿಂದ ಚುಕ್ಕಿಗಳು ಹಾಗೇ ಉಳಿದಿವೆ, ಹಿಡಿಯ ಒಂದು ಕಡೆ ಸೀಳಿದೆ. ಅದನ್ನು ಮುಚ್ಚಲು ಹೋಗಿಲ್ಲ. ಅಲಗು ಮಾತ್ರ ಈಗ ಸಲೀಸಾಗಿ ಹೊರಬಂದು ಟಕ್ಕೆಂದು ನಿಲ್ಲುತ್ತದೆ.

ಸಂತೆಯ ದಿನ ಓಬಳೆಪ್ಪ ಮತ್ತೆ ಬಂದ. ಚಾಕು ನೋಡಿ ಖುಷಿಪಟ್ಟ. ಅವನ ಎಂಜಿನ್ ಇನ್ನೂ ಹಾಗೇ ನಿಂತಿದೆಯಂತೆ, ಬೇರೆ ಯಾರನ್ನೂ ಕರೆದಿಲ್ಲ. ನೀವು ಎಡಗೈ ಬಗ್ಗೆ ಬರೆಸಿದ್ದನ್ನು ಅವನಿಗೆ ಹೇಳಿಯೇ ಬಿಟ್ಟೆ, ಬೈಯುವುದಾದರೆ ಬಂದು ಬೈಯಿರಿ. ಅವನು ಚಾಕುವನ್ನು ಮಡಚಿ ನನ್ನ ಕೈಗಿಟ್ಟು, "ತಂಗಿ, ನಮಗ ನೀರು ಮ್ಯಾಲೆ ಬಂದ್ರ ಸಾಕು. ಅವರು ಯಾವ ಕೈಲೆ ಎಂಜಿನ್ ಎಬ್ಬಿಸಿದ್ರೂ ಬೆಳಿ ಕುಡಿಯೂದು ಅದ ನೀರು ಐತಿ" ಎಂದ. ಅವನು ಹೇಳಿದ್ದನ್ನು ಹಾಗೇ ಬರೆದಿದ್ದೇನೆ, ನಾನು ಏನೂ ಸೇರಿಸಿಲ್ಲ.

ಗಿರಣಿಯ ಕೆಲಸ ಕೀಳೆಂದು ನಾನು ಅನ್ನುವುದಿಲ್ಲ. ಆದರೆ ಎಂಜಿನ್ ಸದ್ದು ಕೇಳಿದರೆ ಉಣ್ಣುವ ತಾಟು ಬಿಟ್ಟು ಏಳುವವರು ನೀವು, ಬಾಗಿಲು ಕಾಯುತ್ತಾ ಒಳಗೊಳಗೇ ಬಾಡುತ್ತೀರಿ. ಅದನ್ನು ನೋಡಲು ನನ್ನಿಂದ ಆಗದು. ನೀವಿಲ್ಲದೆ ಈ ಮನೆಯಲ್ಲಿ ನನಗೆ ಹೊತ್ತೇ ಹೋಗುವುದಿಲ್ಲ, ಇದನ್ನೂ ಬರೆದೇ ಬಿಡುತ್ತೇನೆ.

ಅಕ್ಕನವರಿಗೂ ಭಾವನವರಿಗೂ ನನ್ನ ಶರಣು ತಿಳಿಸಿ. ಅಳಿಯನ ಅಕ್ಷರ ದುಂಡಗಿದೆ, ಅವನಿಗೆ ಈ ಅತ್ತೆಯ ಹರಕೆ ಇರಲಿ. ನಿಮ್ಮ ತಾಯಿ ನಿಮ್ಮ ತಲೆ ಸವರಿದೆನೆಂದು ಬರೆ ಎಂದಿದ್ದಾರೆ.

ನಿಮ್ಮ
ಕಳಕಮ್ಮ

ವಿ.ಸೂ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಅಲಗಿಗೆ ಉಗುರು ಹಾಕಿ ಎಳೆಯುವ ಗೀರು ಒಂದೇ ಮಗ್ಗುಲಿಗಿತ್ತು, ಬಲಗೈ ಹೆಬ್ಬೆರಳಿಗೆ ಒದಗುವಂತೆ. ಸಾಣೆ ಹಿಡಿಯುವ ನೂರಸಾಬನಿಂದ ಎರಡು ಅಲಗಿಗೂ ಆಚೆ ಮಗ್ಗುಲಿಗೆ ಗೀರು ಹೊಡೆಸಿದೆ. ಸರಿ ಬರುತ್ತದೋ ಇಲ್ಲವೋ ನೋಡಬೇಕಲ್ಲ, ನನ್ನ ಬಲಗೈಯಲ್ಲಿ ನಿಮಗೆ ಇಲ್ಲದ ಆ ಮೂರು ಬೆರಳುಗಳನ್ನು ಅರಿವೆಯಿಂದ ಬಿಗಿದು ಕಟ್ಟಿಕೊಂಡೆ. ಉಳಿದೆರಡರಿಂದ ಚಾಕುವನ್ನು ಅಂಗೈಗೆ ಒತ್ತಿ ಹಿಡಿದು ಎಡಗೈ ಉಗುರಿನಿಂದ ಎಳೆದೆ. ಮೊದಮೊದಲು ಜಾರಿತು. ದಿನಾ ಮಾಡಿದೆ. ಈಗ ಎರಡು ಅಲಗೂ ಬರುತ್ತವೆ. ಅಂಗಡಿ ಬಿಡುವುದಿಲ್ಲ ಎಂದು ವಿರುಪಣ್ಣನವರಿಗೆ ಹೇಳಿ ಬಂದಿದ್ದೇನೆ.