ಲಾಭ, ಎರಡು, ಮೂರು

ನವೆಂಬರ್ 18, ಸೋಮವಾರ

ಇಂದು ಶಾಲೆಯ ಬಿಸಿಯೂಟಕ್ಕೆ ನೂರಾ ಹದಿನೇಳು ಮಕ್ಕಳು. ಅಕ್ಕಿ ಹದಿನೆಂಟು ಸೇರು. ಬೇಳೆ ಕುದಿಯುತ್ತಿತ್ತು. ಅಷ್ಟರಲ್ಲಿ ಅಂದಾನೆಪ್ಪ ಸರ್ ಅಡುಗೆಕೋಣೆಯ ಬಾಗಿಲಿಗೆ ಬಂದರು. ಗಣಿತವೂ ಅವರದೇ, ಹೆಡ್‌ಮಾಸ್ಟರ್ ಚಾರ್ಜೂ ಅವರದೇ. ಕೈಯಲ್ಲಿ ಭಾಗ್ಯಾಳ ಪೇಪರು. ಇಪ್ಪತ್ತೈದಕ್ಕೆ ಮೂರು.

"ನಿರ್ಮಲವ್ವಾರ, ನಿಮ್ಮ ತಮ್ಮನ ಮಗಳ ಪರಾಕ್ರಮ ನೋಡ್ರಿ. ಎಂಟನೇತ್ತದಾಗ ಹಿಂಗಾದ್ರ ಹತ್ತನೇತ್ತದಾಗ ಸಾಲಿ ರಿಸಲ್ಟ್ ಏನಾಗಬೇಕು?"

"ರಿಸಲ್ಟ್ ಸಾಲೀದು ರೀ. ಹುಡುಗಿ ನಮ್ಮಾಕಿ."

"ಅದಕ್ಕ ಹೇಳಾಕತ್ತೇನಿ. ಟಿಸಿ ತಗೊಂಡು ಬ್ಯಾರೆ ಕಡೆ ಹಾಕ್ರಿ. ಡಿಸೆಂಬರ್ ಟೆಸ್ಟಿನ್ಯಾಗ ಹದಿಮೂರು ಬಂದ್ರ ಇರ್ಲಿ. ಬರಂಗಿಲ್ಲ ಬಿಡ್ರಿ."

ಬೇಳೆ ತಳ ಹಿಡಿಯಿತು. ಟಿಸಿ ಅಂತೆ. ಕತ್ತು ಹಿಡಿದು ಹೊರಗೆ ದಬ್ಬುವುದಕ್ಕೆ ಸರ್ಕಾರಿ ಠಸ್ಸೆ ಹಾಕಿದ ಹೆಸರು.

ನವೆಂಬರ್ 20

ತಮ್ಮ ಶಿವನಪ್ಪ ಮುಶಿಗೇರಿಯಿಂದ ಬೈಕಿನಲ್ಲಿ ಬಂದ. ಸರ್ ಅವನಿಗೂ ಫೋನ್ ಮಾಡಿದ್ದಾರೆ. ಮಗಳು ಒಂದನೆಯ ತರಗತಿಯಿಂದ ನನ್ನ ಹತ್ತಿರ ಇದ್ದಾಳೆ. ಈವರೆಗೆ ಒಮ್ಮೆಯೂ ಅವಳ ಪಾಟಿಚೀಲ ಬಿಚ್ಚಿ ನೋಡಿದವನಲ್ಲ.

"ಅಕ್ಕಾ, ರೋಣದಾಗ ಸುಶೀಲವ್ವ ಹೊಲಿಗಿ ಕಲಸ್ತಾಳಂತ. ಅಲ್ಲಿ ಹಾಕೂಣು. ಲೆಕ್ಕ ನಮ್ಮ ಮಂದಿ ತಲಿಗೆ ಹತ್ತೂದಲ್ಲ."

"ಬ್ಲೌಸ್ ಹೊಲಿಯಾಕ ಲೆಕ್ಕ ಬ್ಯಾಡೇನು? ತೋಳು ಎರಡು ಅನ್ನೂದಾದ್ರೂ ಗೊತ್ತಿರಬೇಕಲ್ಲ."

ನಗಲಿಲ್ಲ. ಚಹಾ ಕುಡಿದು ಹೋದ. ಭಾಗ್ಯಾ ಒಳಗೆ ಕೂತು ಎಲ್ಲ ಕೇಳಿಸಿಕೊಂಡಳು. ಹೊಲಿಗೆ ಕೆಟ್ಟದ್ದೆಂದು ನಾನೆಲ್ಲಿ ಅಂದೆ? ಆದರೆ ಅವಳೇ ಆರಿಸಿಕೊಂಡು ಹೋಗಲಿ. ಇನ್ನೊಬ್ಬರು ದಬ್ಬಿದಲ್ಲಿ ಹೋಗಿ ಬೀಳುವುದು ಬೇಡ.

ನಾನು ಏಳನೆಯದಕ್ಕೇ ಬಿಟ್ಟವಳು. ಬಿಟ್ಟವಳಲ್ಲ, ಬಿಡಿಸಿದ್ದು.

ನವೆಂಬರ್ 24, ಭಾನುವಾರ

ಭಾಗ್ಯಾಳ ಗಣಿತದ ಪುಸ್ತಕ ಹಿಡಿದು ಕೂತೆ. ಋಣ ಸಂಖ್ಯೆ. ಸೊನ್ನೆಯಿಂದ ಎಡಕ್ಕೆ ಹೋದರೆ ಋಣ, ಬಲಕ್ಕೆ ಧನ. ಎರಡು ತಾಸು ಹಿಡಿಯಿತು, ಆದರೆ ತಿಳಿಯಿತು. ನನಗೆ ತಿಳಿದದ್ದು ಅವಳಿಗೆ ತಿಳಿಯಲಿಲ್ಲ. ಮೈನಸ್ ಮೂರಕ್ಕೆ ಐದು ಕೂಡಿಸು ಎಂದರೆ ಒಂದು ಅಂತಾಳೆ. ಎರಡು ಬರಬೇಕು. ನಾಲ್ಕರಲ್ಲಿ ಆರು ಕಳೆ ಎಂದರೆ ಮೈನಸ್ ಒಂದು. ಮೈನಸ್ ಎರಡು ಬರಬೇಕು. ಹತ್ತು ಸಲ ಕೇಳಿದೆ. ಹತ್ತು ಸಲವೂ ಅದೇ.

ಹೊಡೆದೆ.

ಗದಗದಲ್ಲಿ ನಮ್ಮ ಅಡುಗೆಯವರ ಸಂಘದ ಧರಣಿಯಲ್ಲಿ ಪೊಲೀಸರು ದಬ್ಬಿದಾಗ ಮೈಕ್ ಹಿಡಿದು, ಬಡವರ ಮೇಲೆ ಕೈ ಎತ್ತುವುದು ಹೇಡಿಗಳ ಕೆಲಸ ಎಂದು ಕೂಗಿದವಳು ನಾನೇ. ಇಂದು ಹದಿಮೂರು ವರ್ಷದ ಹುಡುಗಿಯ ಬೆನ್ನಿಗೆ... ಬರೆದಿಡುತ್ತೇನೆ. ಬರೆಯದಿದ್ದರೆ ನಾಳೆ ಮರೆತಂತೆ ನಟಿಸುತ್ತೇನೆ.

ನವೆಂಬರ್ 27, ಬುಧವಾರ

ಸಿಕ್ಕಿತು.

ಊಟದ ನಂತರ ಪಾತ್ರೆ ತೊಳೆದು ಮುಗಿದಿತ್ತು. ಅಡುಗೆಕೋಣೆಯ ನೆಲದ ಮೇಲೆ ಇದ್ದಿಲಿನಿಂದ ಉದ್ದ ಗೆರೆ ಎಳೆದೆ. ನಡುವೆ ಸೊನ್ನೆ, ಆಚೆ ಈಚೆ ಅಂಕಿ. ಪುಸ್ತಕ ಮುಚ್ಚಿ, ಕಾಲಿನಿಂದ ಲೆಕ್ಕ ಮಾಡು ಎಂದೆ. ಜೊತೆಗೆ ಅಡುಗೆ ಮಾಡುವ ಮೈಮುನಬಿ ಎಲೆ ಅಡಿಕೆ ಹಾಕುತ್ತ ನೋಡುತ್ತಿದ್ದಳು.

ಭಾಗ್ಯಾ ಮೈನಸ್ ಮೂರರ ಮೇಲೆ ನಿಂತಳು. ಐದು ಹೆಜ್ಜೆ ಬಲಕ್ಕೆ ಹೋಗು ಎಂದೆ. ನಿಂತಲ್ಲೇ ನಿಂತು "ಲಾಭ" ಎಂದಳು. ಆಮೇಲೆ ಹೆಜ್ಜೆ ಇಟ್ಟು ಎರಡು, ಮೂರು, ನಾಲ್ಕು, ಐದು. ಒಂದರ ಮೇಲೆ ಬಂದು ನಿಂತಳು.

ಮೈಮುನಬಿಯ ಬಾಯಿ ನಿಂತಿತು. "ನಿರ್ಮಲಕ್ಕ, ಇದು ನಿನ್ನ ಕಲಿಕಿ ನೋಡವಾ."

ಖರೆ. ಕಾಳು ಅಳೆಯುವಾಗ ನಮ್ಮ ಕಡೆ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಅವ್ವ ಹಾಗೆ ಎಣಿಸಿದಳು, ನಾನೂ ಹಾಗೇ. ದಿನಾ ಮುಂಜಾನೆ ನನ್ನ ಮುಂದೆ ಕೂತು ಕೇಳಿ ಕೇಳಿ ಹುಡುಗಿಯೂ ಹಾಗೇ. ಎಲ್ಲಿ ಶುರುವೋ ಅಲ್ಲೇ ಲಾಭ. ನಿಂತ ಜಾಗವನ್ನೂ ಹೆಜ್ಜೆಯ ಲೆಕ್ಕಕ್ಕೆ ಸೇರಿಸಿದ್ದಾಳೆ. ಅದಕ್ಕೇ ಪ್ರತಿ ಲೆಕ್ಕದಲ್ಲೂ ಒಂದು ಹೆಜ್ಜೆ ಕಡಿಮೆ.

"ಒಂದು ಅಂತ ಎಣಸಲೇನ ಅತ್ತಿ ಇನ್ಮುಂದ?"

ಬೇಡ ಎಂದೆ. ಪದದಲ್ಲಿ ತಪ್ಪಿಲ್ಲ. ಖಾಲಿ ಬುಟ್ಟಿ ಮುಂದಿಟ್ಟು ಸೇರು ಕೈಗೆ ಕೊಟ್ಟೆ. "ಬುಟ್ಟಿ ಖಾಲಿ ಇದ್ದಾಗ ಲಾಭ ಅಂತಾರೇನು?"

"ಇಲ್ಲ. ಸೇರು ಸುರುವಿದ ಮ್ಯಾಲ."

"ಮತ್ತ ನೀ ನಿಂತಾಗ ಏನು ಸುರುವಿದಿ?"

ಗೆರೆ ನೋಡಿದಳು. ಕಾಲು ನೋಡಿಕೊಂಡಳು. ಹಿಂದೆ ಹೋಗಿ ಮೈನಸ್ ಮೂರರ ಮೇಲೆ ಬಾಯಿ ಮುಚ್ಚಿ ನಿಂತಳು. ಹೆಜ್ಜೆ ಎತ್ತಿಟ್ಟ ಮೇಲೆ "ಲಾಭ". ಎರಡು, ಮೂರು, ನಾಲ್ಕು, ಐದು. ಎರಡರ ಮೇಲೆ ಬಂದಳು.

ಮತ್ತೆ ಹಿಂದಕ್ಕೆ ಹೋದಳು, ಹೇಳುವವರಿಲ್ಲದೆ. ಇಪ್ಪತ್ತು ಲೆಕ್ಕ ನಡೆದಳು. ಗೆರೆ ಅಳಿಸಿಹೋಗುವಷ್ಟು.

ಹೊಡೆದದ್ದಕ್ಕೆ ತಪ್ಪಾಯಿತು ಅಂದೆ. "ಇರ್ಲಿ ಬಿಡು, ನೀ ಕಲಿಸಿದ್ದಕ್ಕ ನೀನಽ ಹೊಡದಿ" ಅಂದಳು. ನಾಲಿಗೆ ನನ್ನದೇ.

ನವೆಂಬರ್ 28

ಸರ್‌ಗೆ ಹೋಗಿ ಹೇಳಿದೆ. ನಕ್ಕರು.

"ಲಾಭ ಗೀಭ ಅನ್ನೋ ಹಳ್ಳಿ ಪದ್ಧತಿ ಬಿಡಸ್ರಿ ಮೊದಲ. ಅಡಗಿಯವರು ಗಣಿತ ಹೇಳಾಕ ನಿಂತ್ರ ನಾ ಏನು ಸಾರು ಮಾಡ್ಲಿ?"

"ಮಾಡ್ರಿ. ಕೆಟ್ಟರ ಯಾಕ ಕೆಟ್ಟಿತು ಅಂತ ನಾ ಕೇಳತೀನಿ. ನೀವು ಮೂರು ತಿಂಗಳು ಕೆಂಪು ಗೆರಿ ಹೊಡದೀರಿ. ಹ್ಯಾಂಗ ಎಣಸ್ತಿ ತಂಗಿ ಅಂತ ಒಮ್ಮೆರ ಕೇಳೀರೇನ್ರಿ?"

ಪೇಪರಿನ ಕಟ್ಟು ಮುಂದೆ ಎಳೆದುಕೊಂಡರು. ನಲವತ್ತು ಮಕ್ಕಳ ಪೇಪರು, ಚಾರ್ಜಿನ ಕಾಗದ, ಅವರ ಮೇಜಿನ ಮೇಲೂ ರಾಶಿ ಬಿದ್ದಿದೆ. ಗೊತ್ತು. ಆದರೆ ಆ ರಾಶಿಯ ಭಾರವನ್ನು ಅತಿ ಸಣ್ಣವರ ತಲೆ ಮೇಲೆ ಯಾಕೆ ಹೊರಿಸಬೇಕು?

ಡಿಸೆಂಬರ್ 12

ಹದಿನಾಲ್ಕು ದಿನ ಬರೆದಿಲ್ಲ. ದಿನಾ ಸಂಜೆ ಗೆರೆ. ಈಗ ಕಾಲು ಬೇಡ, ಬೆರಳು ಸಾಕು. ಸಮೀಕರಣ ಇನ್ನೂ ಅರ್ಧಂಬರ್ಧ. ಹೇಳಿಕೊಡಲು ನನಗೂ ಬರುವುದಿಲ್ಲ. ಇಬ್ಬರೂ ತಪ್ಪುತ್ತೇವೆ, ಜಗಳ ಆಡುತ್ತೇವೆ. ಶನಿವಾರ ಟೆಸ್ಟು.

ಡಿಸೆಂಬರ್ 16, ಸೋಮವಾರ

ಹದಿನೈದು. ಇಪ್ಪತ್ತೈದಕ್ಕೆ ಹದಿನೈದು.

ಅನ್ನ ಬಡಿಸುವ ಸಾಲಿನಲ್ಲಿ ನಿಂತು ಪೇಪರು ತೋರಿಸಿದಳು. ಮೈಮುನಬಿ ಅವಳ ತಾಟಿಗೆ ಎರಡು ಸೌಟು ಸಾರು ಹೆಚ್ಚಿಗೆ ಸುರಿದಳು.

ಸರ್ ಹತ್ತಿರ ಹೋದೆ. ಕಪಾಟಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಟಿಸಿ ಅರ್ಜಿ. ಕೆಳಗೆ ಶಿವನಪ್ಪನ ಸಹಿ. ತಾರೀಖು ನವೆಂಬರ್ 20. ಅವತ್ತು ನನ್ನ ಚಹಾ ಕುಡಿದವನು ಸೀದಾ ಇಲ್ಲಿಗೆ ಬಂದಿದ್ದಾನೆ.

"ನಾ ಕೊಟ್ಟ ಮಾತಿಗೆ ತಪ್ಪಂಗಿಲ್ರಿ, ಹದಿಮೂರು ಅಂದಿದ್ದೆ. ಆದ್ರ ಪಾಲಕರ ಅರ್ಜಿ ಐತಿ. ಅವರಽ ಬರದು ವಾಪಸ್ ತಗೋಬೇಕು. ನಾಳೆ ಹನ್ನೊಂದರ ಒಳಗ ಬಂದ್ರ ಬಂತು. ಇಲ್ಲಾಂದ್ರ ನಾ ಟಿಸಿ ಕೊಡಬೇಕಾಗತೈತಿ."

"ನಾಳೆ ಹನ್ನೊಂದಕ್ಕ ಅವನೂ ಬರತಾನ, ನಾನೂ ಬರತೀನಿ. ಅವ ಬರಲಿಲ್ಲಾಂದ್ರ ನಿಮ್ಮ ಬಾಗಿಲ ಮುಂದ ಕುಂದರತೀನಿ. ಕುಂದರೂದು ನನಗ ರೂಢಿ ಐತ್ರಿ."

ಶಿವನಪ್ಪನಿಗೆ ಫೋನ್ ಮಾಡಿದೆ. ಬೈಯಲಿಲ್ಲ. ಬಾ ಎಂದೆ, ಅಷ್ಟೇ. ಬೈದಿದ್ದರೆ ಬರುತ್ತಿರಲಿಲ್ಲ.

ಡಿಸೆಂಬರ್ 17, ಮಂಗಳವಾರ, ಬೆಳಿಗ್ಗೆ 8

ಬಂದಿದ್ದಾನೆ. ಪೇಪರು ತಿರುಗಿಸಿ ತಿರುಗಿಸಿ ನೋಡಿದ.

"ಹದಿನೈದು ಅಂದ್ರ ಇನ್ನ ಹತ್ತು ಹೋದುವಲ್ಲ."

"ಅವು ಎಲ್ಲಿ ಹೋದುವು ಅಂತ ನನಗ ಗೊತ್ತೈತಿ ಅಪ್ಪ," ಎಂದಳು ಭಾಗ್ಯಾ. "ನೀ ಸಹಿ ಮಾಡೂ ಮುಂದ ಅರ್ಜಿ ಓದಿದ್ಯೇನು?"

"ಸರ್ ಮಾಡ್ರಿ ಅಂದ್ರು. ಮಾಡಿದೆ."

"ಸರ್ ಅಂದ್ರು ಅಂತ ನಾನೂ ಮೂರು ತಿಂಗಳು ದಡ್ಡಿ ಆಗಿದ್ದೆ."

ಇಷ್ಟು ವರ್ಷದ ಸಂಘದ ಭಾಷಣಗಳಲ್ಲಿ ಇಂಥದ್ದೊಂದು ಸಾಲು ನನ್ನ ಬಾಯಲ್ಲಿ ಬಂದಿಲ್ಲ.

ಶಿವನಪ್ಪ ಪೇಪರು ಮಡಚಿ ಮಗಳ ಕೈಗೆ ಕೊಟ್ಟ. ರೋಣಕ್ಕೆ ಹೋಗುವ ಮಾತು ಎತ್ತಲಿಲ್ಲ. ಆಮೇಲೆ, "ಅಕ್ಕಾ, ಒಂದು ಹಾಳಿ ಕೊಡು. ವಾಪಸ್ ಅಂತ ಹ್ಯಾಂಗ ಬರೀಬೇಕು?"

ನಾ ಬರೀತೀನಿ ಎಂದು ಭಾಗ್ಯಾ ಮುಂದೆ ಬಂದಳು. ತಡೆದೆ. ಸಹಿ ಮಾಡಿದ ಕೈಯೇ ಬರೆಯಲಿ. ಓದಿ ಬರೆಯಲಿ. ಅವಳು ಹೇಳುತ್ತಾಳೆ, ಇವನು ಬರೆಯುತ್ತಾನೆ. ಅವಳ ಪೆನ್ನಿನಲ್ಲಿ ಶಾಯಿ ಮುಗಿದಿದೆ. ನಾನು ಬರೆಯುತ್ತಿರುವ ಈ ಪೆನ್ನೊಂದೇ ಉಳಿದಿದೆ. ಕೈ ಚಾಚಿ ನಿಂತಿದ್ದಾನೆ, ಒಂದು ಸಾಲು ಮುಗಿಸಿ ಕೊಡ್ತೀನಿ ತಡಿ ಅಂದ್ರೂ